ಮಣ್ಣು ಹತ್ತದ ಬೆನ್ನು

ಶಿರಹಟ್ಟಿಯ ಹೊಸ ಗರಡಿಮನೆಯ ಗೋಡೆಗೆ ಯಾರ್ಯಾರ ಫೋಟೋ ಹಾಕಬೇಕು ಎಂಬ ಮಾತು ಮುಮ್ತಾಜಳ ಕಿವಿಗೆ ಬಿದ್ದದ್ದು ಗಾದಿ ಹೊಲಿಯುವಾಗ. ಗಂಡ ಮರ್ದಾನಸಾಬ ಅಂಗಡಿಯೊಳಗೆ ಅರಳೆ ಬಡಿಯುತ್ತಿದ್ದ. ಹೊರಗೆ ಕಟ್ಟೆಯ ಮೇಲೆ ಕಳಕಪ್ಪ ಪೈಲ್ವಾನ ಕುಳಿತಿದ್ದ. ಗರಡಿಮನೆಯ ಕಮಿಟಿಗೆ ಅವನೇ ಹಿರಿಯ. ತನ್ನ ಗಾದಿ ಆಯಿತೇ ಎಂದು ಕೇಳಲು ಬಂದವನು ಚಹಾ ಕೈಗೆ ಬಂದ ಮೇಲೆ ಆ ಮಾತು ತೆಗೆದ.

“ಗದಗ ಬ್ಯಾರೆ ಜಿಲ್ಲಾ ಆತು. ಇನ್ನೂ ಎಷ್ಟ ದಿನಾಂತ ಧಾರವಾಡದವರ ಹೆಸರ ಹೇಳ್ಕೋತ ಕುಂಡ್ರೂದು? ನಮ್ಮ ಲಕ್ಷ್ಮೇಶ್ವರದವರು, ಮುಂಡರಗಿಯವರು, ಬೆಟಗೇರಿಯವರು ಏನ ಕಡಿಮಿ? ಎಲ್ಲಾರದೂ ಫೋಟೋ ಹಾಕೂದು. ಹುಡುಗರು ಕೈ ಮುಗದು ಮಣ್ಣಿಗೆ ಇಳೀಬೇಕು.”

“ಮತ್ತ ಇವರದು, ಅಣ್ಣಾ?” ಮುಮ್ತಾಜ ದಬ್ಬಣವನ್ನು ಗಾದಿಯಲ್ಲಿ ಚುಚ್ಚಿಯೇ ಬಿಟ್ಟು ಕೇಳಿದಳು.

ಕಳಕಪ್ಪ ನಕ್ಕ. ಕೆಟ್ಟ ನಗೆಯೇನಲ್ಲ. “ಮರ್ದಾನನ ಮ್ಯಾಲೆ ನನಗ ಪ್ರೀತಿ ಐತಿ ತಂಗಿ, ಖರೇನ ಹೇಳ್ತೀನಿ. ಆದ್ರ ಗ್ವಾಡಿ ಗೆದ್ದವರದು. ಬರಾಬರಿ ಪೈಲ್ವಾನನ ಫೋಟೋ ಹಾಕಿ ಕೆಳಗ ಏನಂತ ಬರಸೂನು?”

ಒಳಗೆ ಅರಳೆ ಬಡಿಯುವ ಬಿಲ್ಲಿನ ತಂತಿಯ ಸದ್ದು ಒಂದು ಕ್ಷಣಕ್ಕೂ ನಿಲ್ಲಲಿಲ್ಲ. ಕೇಳಿಸಿಲ್ಲವೇನೋ ಎಂಬಂತೆ ಅರಳೆ ಹಾರುತ್ತಲೇ ಇತ್ತು.

ಬರಾಬರಿ. ಆ ಹೆಸರಿನ ಜೊತೆಗೇ ಮುಮ್ತಾಜ ಈ ಮನೆಗೆ ಸೊಸೆಯಾಗಿ ಬಂದದ್ದು. ಪ್ರಾಯದ ದಿನಗಳಲ್ಲಿ ಮರ್ದಾನಸಾಬ ಕಣಕ್ಕಿಳಿದರೆ ಕುಸ್ತಿ ಸಮವಾಗಿಯೇ ಮುಗಿಯುತ್ತದೆ ಎಂಬುದು ಸುತ್ತಲ ಊರಿಗೆಲ್ಲ ಗೊತ್ತಿದ್ದ ಸಂಗತಿ. ಎದುರಾಳಿಯನ್ನು ಎತ್ತಿ ಒಗೆಯುವುದಿಲ್ಲ, ತಾನೂ ಬೀಳುವುದಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಪಂಚರು ಬಂದು ಇಬ್ಬರ ಕೈಯನ್ನೂ ಎತ್ತಿ ಕಳಿಸುತ್ತಿದ್ದರು. ಗೆದ್ದವರ ಮೆರವಣಿಗೆ ಹಲಗೆ ಬಾರಿಸಿಕೊಂಡು ಊರು ಸುತ್ತುವಾಗ ಅವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿಂದಿನ ಓಣಿಯಿಂದ ಮನೆಗೆ ಬರುತ್ತಿದ್ದ. ಮುಮ್ತಾಜ ನೀರಿಗೆ ಹೋದರೆ ಓಣಿಯ ಖಾತುನಬಿ ಬಾಯಿ ಸುಮ್ಮನಿಡುತ್ತಿರಲಿಲ್ಲ: “ದಾರಿ ಬಿಡ್ರೆವಾ, ಬರಾಬರಿ ಹೇಣ್ತಿ ಬಂದ್ಲು. ಗಂಡಗ ಅರ್ಧಾ ಗೆಲುವು, ಈಕಿಗೆ ಅರ್ಧಾ ಕೊಡ!” ಹೆಂಗಸರು ನಗುತ್ತಿದ್ದರು. ಮುಮ್ತಾಜ ಕೊಡ ತುಂಬ ತುಂಬಿಸಿ, ತುಳುಕದಂತೆ ಹೊತ್ತುಕೊಂಡು ಬರುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಆಡಲು ಅವಳ ಹತ್ತಿರ ಮಾತು ಇರಲೂ ಇಲ್ಲ. ಹೆಂಗಸರು ಕಣದ ಹತ್ತಿರ ಹೋಗುವ ಪದ್ಧತಿಯೇ ಇಲ್ಲದ್ದರಿಂದ ಗಂಡನ ಒಂದು ಕುಸ್ತಿಯನ್ನೂ ಅವಳು ಕಂಡಿರಲಿಲ್ಲ. ಊರು ಹೇಳಿದ್ದನ್ನೇ ನಂಬಿದ್ದಳು. ಒಳ್ಳೆಯ ಮನುಷ್ಯ, ಸಾಧಾರಣ ಪೈಲ್ವಾನ ಎಂದು ಮನಸ್ಸಿನಲ್ಲೇ ಅಳತೆ ಮಾಡಿ, ಆ ಅಳತೆಗೆ ತನ್ನ ಬದುಕನ್ನೂ ಕತ್ತರಿಸಿಕೊಂಡಿದ್ದಳು.

ಮರುದಿನ ಗಾದಿ ಹೊತ್ತುಕೊಂಡು ಕಳಕಪ್ಪನ ಮನೆಗೆ ಅವಳೇ ಹೋದಳು. ಕಳಕಪ್ಪನ ಹೆಂಡತಿ ಶಿವಲಕ್ಷ್ಮಿ ಪಡಸಾಲೆಯಲ್ಲಿ ಗಾದಿ ಹಾಸಿಸಿ, ಒತ್ತಿ ನೋಡಿ, ಅದರ ಮೇಲೆಯೇ ಕುಳಿತಳು.

“ಕುಂಡ್ರ ಬಾ ಮುಮ್ತಾಜ. ನಮ್ಮನಿಯವರಿಗೆ ಈಗ ಮೆತ್ತನ್ನ ಗಾದಿ ಬೇಕಾಗೇತಿ. ಬೆನ್ನ ನೋವು ಅಂತ ಹಗಲೂರಾತ್ರಿ ಗೋಳು. ಆವಾಗ ಮಂದಿ ಎತ್ತೆತ್ತಿ ಬಡದದ್ದು ಈಗ ನೆನಪಾಗಾಕ ಹತ್ತೇತಿ.”

“ಅಣ್ಣಾವ್ರು ಭಾಳ ಗೆದ್ದಾರ ಬಿಡ್ರಿ ಅಕ್ಕಾ.”

“ಗೆದ್ದದ್ದು ಊರಿಗೆ ಗೊತ್ತು, ಸೋತದ್ದು ನನಗ ಗೊತ್ತು.” ಶಿವಲಕ್ಷ್ಮಿ ದನಿ ಇಳಿಸಿ ನಕ್ಕಳು. “ಪರ ಊರಿಗೆ ಹೋಗಿ ಬಂದಾಗ ಏನೂ ಹೇಳ್ತಿರಲಿಲ್ಲ. ಬಚ್ಚಲದಾಗ ಕುಂತ ಕೂಡ್ಲೆ ಎಲ್ಲಾ ಹೊರಗ ಬೀಳೂದು. ಬೆನ್ನತುಂಬ ಕೆಂಪು ಮಣ್ಣು! ಎಣ್ಣಿ, ಅರಿಶಿಣ, ಮಜ್ಜಿಗಿ ಹಾಕಿ ಕಲಿಸಿದ ಮಣ್ಣದು, ಒಣಗಿದ್ರ ರೊಟ್ಟಿ ಹತ್ತಿದಂಗ ಹತ್ತತಿತ್ತು. ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದು ಹೋಗೂವು. ನಿನಗೇನ ಹೇಳೂದು, ನೀನೂ ತಿಕ್ಕೀದಿಯಲ್ಲ.”

“ಹೌದ್ರಿ,” ಎಂದಳು ಮುಮ್ತಾಜ.

ಹಂಡೆಯ ನೀರು, ಬಚ್ಚಲ ಕಲ್ಲು, ಅದರ ಮೇಲೆ ಕುಳಿತ ಗಂಡನ ಮೈ ಕಣ್ಣ ಮುಂದೆ ಬಂದವು. ಅವಳೂ ತಿಕ್ಕಿದ್ದಳು. ಕಿವಿಯ ಮಡಿಕೆಯಲ್ಲಿ ಮಣ್ಣು, ಮೊಣಕೈಯಲ್ಲಿ ಮಣ್ಣು, ಹಣೆಯ ಕೂದಲಲ್ಲಿ ಮಣ್ಣು. ಎದೆ ಹೊಟ್ಟೆಗಳ ಮೇಲಂತೂ ಅಂಗುಲಗಟ್ಟಲೆ. ಬೆನ್ನ ಮೇಲೆ? ಬೆರಳಿನ ಗೆರೆಗಳಿರುತ್ತಿದ್ದವು. ಹಿಡಿದು, ಎಳೆದು, ಜಾರಿ ಹೋದ ಯಾರದೋ ದಪ್ಪ ಬೆರಳುಗಳ ಗೆರೆ. ಒಂದು ಚೊಂಬು ನೀರು ಸುರಿದರೆ ಅವೂ ಹರಿದು ಹೋಗುತ್ತಿದ್ದವು. ಬೆನ್ನು ತಿಕ್ಕಿ ಕೈ ಸೋತದ್ದು ಒಮ್ಮೆಯೂ ನೆನಪಾಗಲಿಲ್ಲ. ಬೆನ್ನು ಸುಲಭದ ಕೆಲಸ ಎಂದು ಅವಳು ಅದನ್ನು ಕಡೆಗೆ ಇಟ್ಟುಕೊಳ್ಳುತ್ತಿದ್ದಳು.

“ಯಾಕವಾ, ಚಹಾ ಇಡ್ಲೇನು? ಮಾರಿ ಒಂಥರಾ ಆತಲ್ಲ,” ಎಂದಳು ಶಿವಲಕ್ಷ್ಮಿ.

“ಚಹಾ ಆಮ್ಯಾಲೆ ಕುಡೀತೀನ್ರಿ ಅಕ್ಕಾ,” ಎಂದು ಮುಮ್ತಾಜ ಚಪ್ಪಲಿ ಮೆಟ್ಟಿದಳು. ಊರ ನಡುವಿನ ದಾರಿಯಲ್ಲಿ ಅಷ್ಟು ಬಿರಬಿರನೆ ಅವಳು ನಡೆದದ್ದು ಅಂದೇ ಮೊದಲು.

ಮರ್ದಾನಸಾಬ ಅರಳೆಯ ರಾಶಿಯ ನಡುವೆ ಕುಳಿತಿದ್ದ. ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ.

“ನಿಮ್ಮ ಬೆನ್ನ ನೆಲಕ್ಕ ಹಚ್ಚಿ ಯಾರರೆ ಚಿತ್ ಮಾಡ್ಯಾರೇನ್ರಿ?”

ಅವನು ಬಿಲ್ಲು ಕೆಳಗಿಟ್ಟ. “ಹುಡುಗ ಇದ್ದಾಗ ಗರಡ್ಯಾಗ ಕಲಿಯೂ ಮುಂದ ಮಾಡ್ಯಾರ.”

“ಕಣದಾಗ?”

“ಕಣದಾಗ ಯಾರೂ ಇಲ್ಲ.”

“ಮತ್ತ ನೀವ್ಯಾಕ ಯಾರನ್ನೂ ಒಗೀಲಿಲ್ಲ?”

“ದಿನದ ಕಡೀ ಜೋಡಿ ಕುಸ್ತಿಗೆ ಹೊರಗಿನ ದೊಡ್ಡ ದೊಡ್ಡ ಪೈಲ್ವಾನರನ್ನ ಕರಸ್ತಿದ್ರು. ಆನಿಯಂಥಾವರು. ಅವರನ್ನ ಕಣದ ಸುತ್ತ ತಿರುಗಿಸಿ, ಇವನ ಜೋಡಿ ಕುಸ್ತಿಗೆ ಯಾರ ಕೈ ಕೊಡ್ತೀರಿ ಅಂತ ಕೂಗೂದು. ನಮ್ಮೂರ ಹುಲಿಗೋಳೆಲ್ಲಾ ತಳಗ ಮಾರಿ ಹಾಕಿ ಕುಂಡ್ರತಿದ್ವು. ಕೈ ಕೊಡಾವ ಇಲ್ಲಾಂದ್ರ ಊರಿಗೆ ಅವಮಾನ. ನಾ ಎದ್ದು ಕೈ ಕೊಡ್ತಿದ್ದೆ. ನನ್ನಂಥಾ ಇಬ್ಬರನ್ನ ಕೂಡಿಸಿದ್ರ ಅವನೊಬ್ಬ. ಅಂಥಾವನ್ನ ಒಗಿಯಾಕ ಹೋದ್ರ ನನ್ನ ಬೆನ್ನ ಅವನ ಕೈಗೆ ಕೊಟ್ಟಂಗ. ನೆಲಕ್ಕ ಎದಿ ಹಚ್ಚಿ ತಡಕೊಂಡೆ.”

“ಇಷ್ಟ ದಿನಾ ನನಗ್ಯಾಕ ಹೇಳ್ಲಿಲ್ಲ?”

ಮರ್ದಾನಸಾಬ ಅವಳನ್ನು ಬೆರಗಿನಿಂದ ನೋಡಿದ. “ತೊಳದಾಕಿ ನೀನ ಅಲ್ಲೇನ? ನಿನಗ ಗೊತ್ತೈತಿ ಅಂತ ತಿಳದಿದ್ದೆ. ಖಾತುನಬಿ ಅಷ್ಟ ಅಂದ್ರೂ ನೀ ಬಾಯಿ ತಗೀತಿರಲಿಲ್ಲ. ನನ್ನ ಹೇಣ್ತಿಗೆ ಗೊತ್ತೈತಿ, ಅದಕ್ಕ ಸುಮ್ಮನದಾಳ ಅಂತ ನಾನೂ ಸುಮ್ಮನಿದ್ದೆ.”

ಮುಮ್ತಾಜ ಅರಳೆಯ ರಾಶಿಯ ಮೇಲೆ ಕುಳಿತಳು. ಅವಳು ಅವಮಾನ ನುಂಗುತ್ತಿದ್ದ ಮೌನವನ್ನು ಈ ಮನುಷ್ಯ ಹೆಮ್ಮೆಯೆಂದು ನಂಬಿ ಬದುಕಿದ್ದ. ಅಷ್ಟು ವರ್ಷ ಅವಳು ಕೊಡದೇ ಇದ್ದ ಗೌರವವನ್ನು ಅವನು ಅವಳ ಮೌನದಿಂದಲೇ ಪಡೆದುಕೊಂಡಿದ್ದ. ಅಳು ಬರಬೇಕಿತ್ತು, ಬರಲಿಲ್ಲ. ಬದಲಿಗೆ ಎದ್ದು ನಿಂತು ಸೀರೆಗೆ ಹತ್ತಿದ ಹತ್ತಿ ಕೊಡವಿದಳು. ಗೊತ್ತಿಲ್ಲದೆ ಸುಮ್ಮನಿದ್ದದ್ದು ಆಯಿತು. ಗೊತ್ತಾದ ಮೇಲೂ ಸುಮ್ಮನಿರುವುದು ಹೇಗೆ?

ಹೊಸ ಗರಡಿಮನೆಯ ಬಾಗಿಲಲ್ಲಿ ಅವಳು ಚಪ್ಪಲಿ ಬಿಟ್ಟಳು. ಹೊಸ್ತಿಲು ದಾಟಲಿಲ್ಲ, ಅದು ಗಂಡಸರ ಜಾಗ. ಒಳಗೆ ಕಳಕಪ್ಪ ಮೊಳೆಗಳನ್ನು ಎಲ್ಲಿ ಬಡಿಯಬೇಕೆಂದು ಸೀಮೆಸುಣ್ಣದಿಂದ ಗುರುತು ಹಾಕಿಸುತ್ತಿದ್ದ. ಹಿಂದೆ ಪಂಚನಾಗಿದ್ದ ಮುದುಕ ಯಮನೂರಸಾಬ ಸ್ಟೂಲಿನ ಮೇಲೆ ಕುಳಿತು ಸಲಹೆ ಕೊಡುತ್ತಿದ್ದ.

“ಕಳಕಪ್ಪಣ್ಣಾ, ಒಂದ ಮಾತ ಕೇಳ್ತೀನಿ. ಈ ಗ್ವಾಡಿಗೆ ಬರೂ ಪೈಲ್ವಾನರೊಳಗ ಮರ್ದಾನಸಾಬನ ಬೆನ್ನಿಗೆ ಮಣ್ಣ ಹಚ್ಚಿದಾವ ಯಾರು? ಒಬ್ಬನ ಹೆಸರ ಹೇಳ್ರಿ. ನಾ ಹೊಳ್ಳಿ ಹೋಗ್ತೀನಿ.”

ಕಳಕಪ್ಪ ಸುಣ್ಣದ ಗುರುತುಗಳನ್ನು ಒಂದೊಂದಾಗಿ ನೋಡಿದ.

“ಹೇಳಲೇ ಕಳಕ್ಯಾ,” ಯಮನೂರಸಾಬ ಕೆಮ್ಮಿ ನಕ್ಕ. “ಮುಂಡರಗ್ಯಾಗ ನೀನೂ ಅವನ್ನ ಹಿಡದಿದ್ದೆಲ್ಲ. ಲಾಟನ್ ಹಚ್ಚೂತನಾ ಅವನ ಮ್ಯಾಲೆ ಕುಂತಿದ್ದಿ, ಬೆನ್ನ ಮ್ಯಾಲೆ ಹೊಳ್ಳಿಸಾಕ ಆತೇನು? ಕಡೀಕ ನಾನ ಬಂದು ಇಬ್ಬರ ಕೈ ಎತ್ತಿದೆ.”

“ನೆಲದಾಗ ಬೇರ ಬಿಟ್ಟಂಗ ಇದ್ನೋ ಮಾರಾಯಾ,” ಎಂದ ಕಳಕಪ್ಪ. ಆ ಕುಸ್ತಿಯ ನೆನಪಿಗೆ ಅವನ ಭುಜ ತಾನಾಗಿ ಮುಂದೆ ಬಾಗಿತು.

“ಗೆದ್ದವರು ತಮಗ ಸರಿಯಾದ ಜೋಡಿ ನೋಡಿ ಕೈ ಕೊಟ್ರು. ತಪ್ಪೇನಲ್ಲ, ಅದು ರೀತಿ,” ಎಂದಳು ಮುಮ್ತಾಜ. ದನಿ ಏರಲಿಲ್ಲ, ನಡುಗಲೂ ಇಲ್ಲ. “ಯಾರೂ ಕೈ ಕೊಡದವರಿಗೆ ಇವರು ಕೈ ಕೊಟ್ರು. ಊರ ಮಾನ ಉಳೀತು. ಅದನ್ನ ಅರ್ಧಾ ಗೆಲುವು ಅಂತ ಅಂದ್ರಿ, ನಾನೂ ಹಂಗ ತಿಳದಿದ್ದೆ. ಇನ್ನ ಅನ್ನಬ್ಯಾಡ್ರಿ.”

ಗರಡಿಮನೆಯಲ್ಲಿ ಹೊಸ ಮಣ್ಣಿನ ವಾಸನೆ ಹರಡಿತ್ತು. ಕಳಕಪ್ಪ ಸೀಮೆಸುಣ್ಣವನ್ನು ತನ್ನ ಕೈಗೇ ತೆಗೆದುಕೊಂಡ. ಆಮೇಲೆ ನಡುಗೋಡೆಯಲ್ಲಿ, ತನ್ನ ಫೋಟೋದ ಗುರುತಿನ ಪಕ್ಕದಲ್ಲಿ, ಇನ್ನೊಂದು ಗುರುತು ಹಾಕಿದ.

“ಫೋಟೋ ತರಸವಾ ತಂಗಿ. ಜಲ್ದಿ ತರಸು.”

ಫೋಟೋ ಎಲ್ಲಿತ್ತು? ಕುಸ್ತಿ ಸಮ ಮಾಡಿಕೊಂಡವನ ಫೋಟೋ ಯಾರೂ ತೆಗೆದಿರಲಿಲ್ಲ. ಶುಕ್ರವಾರದ ನಮಾಜು ಮುಗಿಸಿ ಬಂದ ಗಂಡನನ್ನು ಹೊರಡಿಸಿಕೊಂಡು ಮುಮ್ತಾಜ ಗದಗಿನ ಬಸ್ಸು ಹತ್ತಿದಳು. ಬೆಟಗೇರಿಯ ಸ್ಟುಡಿಯೋದಲ್ಲಿ ಫೋಟೋದವನು ಉತ್ಸಾಹದಿಂದ ಮೂಲೆಯಲ್ಲಿದ್ದ ಕಟ್ಟಿಗೆಯ ಗದೆ ತಂದ.

“ಹೆಗಲ ಮ್ಯಾಲೆ ಇಟ್ಕೋರಿ ಅಜ್ಜಾರ, ಎದಿ ಉಬ್ಬಸ್ರಿ.”

“ಗದಾ ಬ್ಯಾಡ,” ಎಂದಳು ಮುಮ್ತಾಜ. “ಏನ್ರಿ, ಅಂಗಿ ತಗೀರಿ. ಗ್ವಾಡಿ ಕಡೆ ಮಾರಿ ಮಾಡಿ ನಿಂದರ್ರಿ.”

“ಯಕ್ಕಾ, ಬೆನ್ನಿನ ಫೋಟೋ ಯಾರರೆ ತಗಸ್ತಾರೇನ್ರಿ?”

“ನಾವ ತಗಸ್ತೀವಿ.”

ಮರ್ದಾನಸಾಬ ಹೆಂಡತಿಯ ಮುಖ ನೋಡಿದ. ಅರ್ಥವಾಗುತ್ತಲೇ ಅವನ ಮೀಸೆಯ ಕೆಳಗೆ ನಗು ಮೂಡಿತು. ಅಂಗಿ ಕಳಚಿ ಅವಳ ಕೈಗೆ ಕೊಟ್ಟು ತಿರುಗಿ ನಿಂತ. ಮೈ ಸೊರಗಿತ್ತು, ಹೆಗಲು ಮಾತ್ರ ಇನ್ನೂ ಅಗಲವಾಗಿತ್ತು. ಫೋಟೋದವನು ದೀಪ ಹಾಕಿದ.

“ತಡೀಪಾ,” ಎಂದಳು ಮುಮ್ತಾಜ. ಹತ್ತಿರ ಹೋಗಿ ಸೆರಗಿನ ತುದಿಯಿಂದ ಅವನ ಬೆನ್ನನ್ನು ಮೇಲಿಂದ ಕೆಳಗೆ ನಿಧಾನವಾಗಿ ಒರೆಸಿದಳು. ಒರೆಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

“ಈಗ ಹೊಡಿ,” ಎಂದು ಬದಿಗೆ ಸರಿದು ನಿಂತಳು.