ಟೈಲರ್ ಅಳಿಸಿದ ವಿಡಿಯೊ

ಶಾಲೆಯ ಯೂನಿಫಾರ್ಮ್ ಹೊಲಿಯುವ ಟೈಲರ್‌ನ ಅಂಗಡಿಯಲ್ಲಿ ಕಾಜಾ, ಗುಂಡಿ ಅವನ ಅಕ್ಕನ ಕೆಲಸ. ಅಕ್ಕನಿಗೆ ಮಾತು ತೊದಲುತ್ತದೆ. ವರ್ಷಗಟ್ಟಲೆ ಪರದೆಯ ಹಿಂದೆ ಕೂತು ತುಟಿ ಬಿಚ್ಚದವಳು, ಈಚೆಗಷ್ಟೇ ಗಿರಾಕಿಗಳೊಡನೆ ತಾನೇ ಮಾತಾಡತೊಡಗಿದ್ದಳು. ಅಂಗಿ ತಡವಾಯಿತೆಂದು ರೇಗಿದ ಒಬ್ಬ ಗಿರಾಕಿಗೆ ತಡವರಿಸುತ್ತಲೇ ಸರಿಯಾಗಿ ತಿರುಗೇಟು ಕೊಟ್ಟಳು. ತಮ್ಮ ಮಹಾಶಯ ಅದನ್ನು ಫೋನಿನಲ್ಲಿ ಹಿಡಿದು ವಿಡಿಯೊ ತಾಣಕ್ಕೆ ಏರಿಸಿಬಿಟ್ಟ. ಬೀದಿಯವರು ನೋಡಿ ನಗಲಿ ಅಂತ.

ವಾರದೊಳಗೆ ಪರದೇಶದಿಂದ ಚಿಕ್ಕಮ್ಮನ ಮಗ ಫೋನು ಮಾಡಿದ. ಎತ್ತಿದವಳು ಅಕ್ಕ. ಆ ವಿಡಿಯೊ ನೋಡಿದ್ದ ಅವನು ಅವಳದೇ ಧಾಟಿಯಲ್ಲಿ ತೊದಲಿ ಅಣಕಿಸಿ ನಕ್ಕ. ಅಕ್ಕ ಫೋನನ್ನು ಮೇಜಿನ ಮೇಲಿಟ್ಟು ಪರದೆಯ ಹಿಂದೆ ಹೋದಳು.

ಟೈಲರ್ ಆ ವಿಡಿಯೊವನ್ನು ತಾಣದಿಂದ ಅಳಿಸಿದ. ಎದುರಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಗೆಳೆಯನ ಬಳಿಗೆ ಓಡಿದ.

"ಡಿಲೀಟ್ ಮಾಡ್ಬಿಟ್ಟೆ ಕಣೋ. ಮುಗೀತಲ್ಲ?"

"ಏನು ಮುಗೀತು? ಅಂಗಿ ಕತ್ತರಿಸೋ ಒಂದು ರಟ್ಟಿನ ಅಚ್ಚಿಂದ ನೀನು ಎಷ್ಟು ಸೈಜು ಮಾಡ್ತೀಯ?"

"ಚಿಕ್ಕದು, ಮಧ್ಯದ್ದು, ದೊಡ್ಡದು. ಅದಕ್ಕೂ ಇದಕ್ಕೂ ಏನೋ ಸಂಬಂಧ?"

"ಆ ವಿಡಿಯೊ ತಾಣದೋರೂ ಹಾಗೇ. ವಿಡಿಯೊ ಕೈಗೆ ಬಂದ ಕೂಡ್ಲೇ ಹಲವು ಸೈಜಿನ ಪ್ರತಿ ಮಾಡ್ತಾರೆ. ನೆಟ್ ಜೋರಾಗಿರೋರಿಗೆ ದೊಡ್ಡದು, ನಿಧಾನ ಇರೋರಿಗೆ ಚಿಕ್ಕದು. ನೋಡೋರು ಜಾಸ್ತಿ ಆದ್ರೆ ದೇಶದೇಶದ ಕಂಪ್ಯೂಟರ್‌ಗಳಲ್ಲಿ ಪ್ರತಿ ಇಡ್ತಾರೆ. ಯಾರು ನೋಡಿದ್ರೂ ಅವರಿಗೆ ಹತ್ತಿರದ ಕಂಪ್ಯೂಟರಿಂದಲೇ ಬರುತ್ತೆ."

"ನಾನು ಅಳಿಸಿದ್ರೆ ಅವೆಲ್ಲ ಹೋಗಲ್ವಾ?"

"ತಾಣದೋರ ಹತ್ರ ಇರೋದು ಹೋಗುತ್ತೆ. ಜನ ಇಳಿಸ್ಕೊಂಡಿರೋದು?" ಗೆಳೆಯ ಹುಡುಕಿ ತೋರಿಸಿದ. ಯಾರೋ ಪುಣ್ಯಾತ್ಮರು ಅದಕ್ಕೆ ಡೋಲಿನ ಸದ್ದು ಸೇರಿಸಿ ಮತ್ತೆ ಏರಿಸಿದ್ದರು. "ದೂರು ಕೊಡ್ತೀನಿ. ತಾಣದೋರು ಇದನ್ನ ತೆಗೀಬಹುದು. ಉಳಿದದ್ದನ್ನ ಹುಡುಕ್ತಾ ಇರು. ಅಚ್ಚು ಸುಟ್ರೆ ಮಾರಿದ ಅಂಗಿ ವಾಪಸ್ ಬರುತ್ತೇನೋ? ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದ್ದು ನೀನು, ಉಣ್ಣೋದು ಅವಳು."

ಟೈಲರ್ ತಲೆ ತಗ್ಗಿಸಿ ಅಂಗಡಿಗೆ ಬಂದ.

"ಅಕ್ಕಾ, ತಪ್ಪಾಯ್ತು. ಇನ್ಮೇಲೆ ನಿನ್ನ ಕೇಳ್ದೆ ಏನೂ ಹಾಕಲ್ಲ."

ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದು, "ಮಗಳ ಅಂಗಿ ಆಯ್ತೇನಮ್ಮಾ?" ಎಂದು ಅಕ್ಕನನ್ನೇ ಕೇಳಿದಳು. ಪರದೆಯ ಸಂದಿಯಿಂದ ಒಂದು ಕೈ ಮಾತ್ರ ಹೊರಬಂದು ಅಂಗಿ ಕೊಟ್ಟು ಒಳಗೆ ಹೋಯಿತು.

ಕೇಳುತ್ತಿರುವವರೇ, ಯಾರದೇ ವಿಡಿಯೊ ಏರಿಸುವ ಮುಂಚೆ ಅವರನ್ನು ಕೇಳಿ. ಬೇಡ ಅಂದರೆ ಬೇಡ. ಇಂಥದ್ದು ನಿಮಗೆ ಬಂದರೆ ಯಾರಿಗೂ ಕಳಿಸಬೇಡಿ, ಆ ತಾಣಕ್ಕೆ ದೂರು ಕೊಡಿ. ಈ ಅಕ್ಕನ ವಿಡಿಯೊ ನಿಮ್ಮ ಫೋನಿನಲ್ಲೂ ಇರಬಹುದು. ನಕ್ಕಿದ್ದು ಸಾಕು, ಅಳಿಸಿ.