ಓಬಳೆಪ್ಪನ ಹಲ್ಲು ಬಿದ್ದ ಬಗೆ

ಬೇವೂರಿನ ವಿರುಪಣ್ಣ ತಾನು ಹೊಡೆದದ್ದನ್ನು ಎಂದೂ ಅಲ್ಲಗಳೆದವನಲ್ಲ. ಅವನ ವಕೀಲೆ ರೇಣುಕಾಳಿಗೆ ಅದೇ ತಲೆನೋವು.

"ಹೊಡದದ್ದು ಖರೆ ಬಿಡ್ರಿ ಮೇಡಂ. ಆದ್ರ ಒಂದ ಏಟಿಗೆ ಹಲ್ಲು ಉದರೂವಷ್ಟು ತಾಕತ್ತು ನನಗೆಲ್ಲಿಂದ ಬರಬೇಕು? ನಾ ಹೊಡದ ಗಂಟಿ ಮಾಸ್ತರಿಗೇ ಕೇಳಸಂಗಿಲ್ಲ."

ಬರೀ ಕಪಾಳಕ್ಕೆ ಬಾರಿಸಿದ್ದರೆ ಸಣ್ಣ ಕೇಸು. ಏಟಿಗೆ ಹಲ್ಲು ಹೋಯಿತೆಂದರೆ ಅದು ತೀವ್ರ ಗಾಯ. ಶಿಕ್ಷೆಯಾದರೆ ಸರ್ಕಾರಿ ಶಾಲೆಯ ಜವಾನನ ನೌಕರಿ ಹೋದಂತೆಯೇ. ನಿವೃತ್ತಿಗೆ ಉಳಿದದ್ದು ಇನ್ನೆರಡೇ ವರ್ಷ.

ಯಲಬುರ್ಗಾ ಕೋರ್ಟಿನಲ್ಲಿ ಪಕ್ಕದ ಮನೆಯ ಓಬಳೆಪ್ಪ ಕಟಕಟೆ ಹತ್ತಿದವನೇ, ಯಾರೂ ಕೇಳದಿದ್ದರೂ ಬಾಯಿ ತೆರೆದು ತೋರಿಸಿದ. ಮೇಲಿನ ಸಾಲಿನ ಮುಂದಿನ ಹಲ್ಲಿಲ್ಲ. ಡಾಕ್ಟರ ಸರ್ಟಿಫಿಕೇಟೂ ಅದನ್ನೇ ಹೇಳುತ್ತಿತ್ತು. ಸರ್ಕಾರಿ ವಕೀಲರು ಗೆದ್ದವರಂತೆ ಕುಳಿತರು.

ಬೇರೇನೂ ತೋಚದೆ ರೇಣುಕಾ ಕೇಳಿದಳು: "ಆ ಹಲ್ಲು ಈಗ ಎಲ್ಲೈತಿ?"

"ಮಾಳಗಿ ಮ್ಯಾಲ ಒಗದೀನ್ರಿ. ಶಗಣ್ಯಾಗ ಇಟ್ಟು ಒಗದ್ರ ಹೊಸಾದು ಬರತೈತಲ್ರಿ?"

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ನಿಮಗೆಷ್ಟು ವಯಸ್ಸು?"

"ಐವತ್ನಾಲ್ಕ್ರಿ. ಬಂದ್ರ ಬರಲಿ ಅಂತ."

"ಯಾರ ಮನೆ ಮಾಳಗಿ?" ರೇಣುಕಾ ಬಿಡಲಿಲ್ಲ.

"ನಂದಕ್ಕ ಒಗದೆ. ರಟ್ಟಿ ಹಿಡದಿತ್ತು, ಸೊಟ್ಟ ಹೋಗಿ ಇವನ ಮಾಳಗಿಗೆ ಬಿತ್ತು. ಇವನ ಹೇಂತಿ ಗಾಳೆಮ್ಮ ಅಲ್ಲಿ ಸಂಡಗಿ ಒಣಾ ಹಾಕಿದ್ಲು. ನಟ್ಟ ನಡುವ ಬಿತ್ರಿ, ಶಗಣಿ ಸಮೇತ."

"ಆಮೇಲೆ?"

"ಆಕಿ ಬಾಯಿ ಮಾಡಿದ್ಲು. ನಾನೂ ಮಾಡಿದೆ. ಇವ ಬಂದ. ಹೊಡದ."

ಸರ್ಕಾರಿ ವಕೀಲರು ನಿಧಾನವಾಗಿ ಹಣೆಗೆ ಕೈ ಹಚ್ಚಿದರು.

"ಅಂದರೆ," ನ್ಯಾಯಾಧೀಶರು ಮುಂದಕ್ಕೆ ಬಾಗಿದರು, "ಏಟು ಬಿದ್ದಾಗ ಹಲ್ಲು ಆಗಲೇ ಸಂಡಿಗೆಯಲ್ಲಿತ್ತು?"

"ಹೌದ್ರಿ ಸಾಹೇಬ್ರ. ಹಲ್ಲು ಒಗದದ್ದಕ್ಕ ಹೊಡದದ್ದು."

"ಮತ್ತೆ ಹಲ್ಲು ಬಿದ್ದದ್ದು ಹೇಗೆ?"

"ಸಜ್ಜಿರೊಟ್ಟಿ ಕಡದೆ..."

"ಏ, ನನ್ನ ರೊಟ್ಟಿ ಮ್ಯಾಲ ಹಾಕಬ್ಯಾಡ!" ಹಿಂದಿನ ಬೆಂಚಿನಿಂದ ಅವನ ಹೆಂಡತಿ ಕಸ್ತೂರೆಮ್ಮ ಎದ್ದು ನಿಂತಳು. "ಆರು ತಿಂಗಳಿಂದ ಅಳ್ಳಾಡತಿತ್ರಿ ಅದು! ರೊಟ್ಟಿ ಏನು ಮಾಡೀತು ಪಾಪ?"

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಸರ್ಕಾರಿ ವಕೀಲರು ಹಲ್ಲು ಕಚ್ಚಿ ಕೇಳಿದರು.

ಓಬಳೆಪ್ಪನಿಗೆ ನಿಜವಾಗಿಯೂ ಬೇಸರವಾಯಿತು. "ದವಾಖಾನ್ಯಾಗ 'ಹೊಡದಾನೇನು' ಅಂದ್ರು, ಹೂಂ ಅಂದೆ. 'ಹಲ್ಲು ಹೋಗೈತೇನು' ಅಂದ್ರು, ಹೂಂ ಅಂದೆ. ಎರಡೂ ಖರೆ. ನಡುವಿಂದು ಯಾರೂ ಕೇಳಲೇ ಇಲ್ರಿ."

ಹಲ್ಲಿನ ಆರೋಪ ಅಲ್ಲಿಗೆ ಬಿತ್ತು. ಉಳಿದದ್ದು ಒಂದು ಏಟು. ಅದಕ್ಕೆ ರಾಜಿ ಮಾಡಿಕೊಳ್ಳುವುದಾದರೆ ಕೇಸು ಮುಗಿಯುತ್ತದೆ, ಆದರೆ ಏಟು ತಿಂದವನು ಒಪ್ಪಬೇಕು ಎಂದರು ನ್ಯಾಯಾಧೀಶರು.

ಓಬಳೆಪ್ಪ ಒಂದು ಬೆರಳೆತ್ತಿದ. "ಒಂದ ಶರತ್ತು. ನನ್ನ ಹಲ್ಲು ಅವರ ಮಾಳಗಿ ಮ್ಯಾಲ ಹಂಗ ಇರಬೇಕು. ಹೊಸಾದು ಬರೂತನಕ ಯಾರೂ ಮುಟ್ಟಬಾರದು."

"ಆತು!" ಎಂದ ವಿರುಪಣ್ಣ.

ಸಹಿ ಹಾಕಲು ಎರಡೂ ಮನೆಯವರು ಮೇಜಿನ ಬಳಿ ಬಂದರು. ಗಾಳೆಮ್ಮ ರೇಣುಕಾಳ ಕಿವಿಯ ಹತ್ತಿರ ಬಾಗಿದಳು. "ಅಲ್ರೀ ಮೇಡಂ, ಆ ಹಲ್ಲನ್ನ ಅವತ್ತೇ ತಿಪ್ಪಿಗೆ ಒಗದ..."

ವಿರುಪಣ್ಣ ಅವಳ ಕಾಲು ತುಳಿದ. ರೇಣುಕಾ ಫೈಲಿನೊಳಗೆ ತಲೆ ಹುದುಗಿಸಿ, ಪುಟ ತಿರುವತೊಡಗಿದಳು.