ಹಳದಿ ಗೀರಿನ ಕಾಯಿಲ್

ಅತ್ತೆಯ ಕಾರು ನಮ್ಮ ಗ್ಯಾರೇಜಿನ ಬಾಗಿಲಿಗೆ ಬರುವಾಗಲೇ ಕೆಮ್ಮುತ್ತಾ ಕುಂಟುತ್ತಿತ್ತು.

"ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಕಣೇ! ಅಮ್ಮಾ ಬೇಗ ಬಾ ಅಂತ ಅಳ್ತಿದಾಳೆ. ಅವಳ ಊರಿಗೆ ಬಸ್ಸು ಇನ್ನು ನಾಳೆಗೇ. ಏನಾದ್ರೂ ಮಾಡು!" ಇಳಿಯುತ್ತಲೇ ನನ್ನ ಕೈ ಹಿಡಿದುಕೊಂಡರು ಅತ್ತೆ. ಅಪ್ಪನ ತಂಗಿ, ನನ್ನನ್ನೂ ಅಣ್ಣನನ್ನೂ ಎತ್ತಿ ಆಡಿಸಿದವರು.

ಗ್ಯಾರೇಜು ನನ್ನದೂ ಅಣ್ಣನದೂ. ಆದರೆ ಬೆಳಿಗ್ಗೆಯಿಂದ ನಮ್ಮಿಬ್ಬರ ಮಾತು ಬಂದ್. ಮೂಲೆಯಲ್ಲಿರುವ ಅವನ ಹಳೇ ಕಾರನ್ನು ನಾನು ತುಕ್ಕಿನ ಮೂಟೆ ಅಂದುಬಿಟ್ಟಿದ್ದೆ. ಎರಡು ವರ್ಷದಿಂದ ಅದನ್ನು ಬಿಚ್ಚುತ್ತಾನೆ, ಉಜ್ಜುತ್ತಾನೆ, ಜೋಡಿಸುತ್ತಾನೆ. ಬಾಗಿಲಿಲ್ಲ, ಸೀಟಿಲ್ಲ, ಆದರೂ ಇವತ್ತು ಸಂಜೆ ಮೊದಲ ಸಲ ಸ್ಟಾರ್ಟ್ ಮಾಡುತ್ತಾನಂತೆ! ನಾನಂದದ್ದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಅತ್ತೆಯ ಕಾರಿಗೆ ಸ್ಕ್ಯಾನರ್ ಹಾಕಿದೆ. ಮೂರನೇ ಸಿಲಿಂಡರ್ ಉರಿಯುತ್ತಿಲ್ಲ. ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರು, ಒಂದೊಂದಕ್ಕೂ ಕಿಡಿ ಕೊಡಲು ಒಂದೊಂದು ಕಾಯಿಲ್ ಇರುತ್ತದೆ. ಮೂರರದ್ದನ್ನು ಒಂದಕ್ಕೆ, ಒಂದರದ್ದನ್ನು ಮೂರಕ್ಕೆ ಹಾಕಿ ನೋಡಬೇಕು. ಕುಂಟು ಒಂದಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ ಅಂತ ಅರ್ಥ. ಮೂರರಲ್ಲೇ ಉಳಿದರೆ ರೋಗ ಬೇರೆಲ್ಲೋ ಇದೆ. ಮೂರರ ಕಾಯಿಲಿನ ತಲೆಗೆ ಹಳದಿ ಸೀಮೆಸುಣ್ಣದಲ್ಲಿ ಗೀರೆಳೆದು, ಅದಲುಬದಲು ಮಾಡಿ, ಅತ್ತೆಗೆ ನೀರು ತರಲು ಒಳಗೆ ಓಡಿದೆ.

ಬಂದು ಸ್ಟಾರ್ಟ್ ಮಾಡಿದರೆ ಮತ್ತದೇ ಮೂರು!

"ಕಾಯಿಲ್ ಅಲ್ಲ ಅತ್ತೆ. ಎಂಜಿನ್ನೇ ಬಿಚ್ಚಬೇಕೋ ಏನೋ."

"ನಾನೂ ನೋಡ್ದೆ, ಕಾಯಿಲ್ ಅಲ್ಲ ಅಂತ ಅವಳಿಗೆ ಹೇಳಿ ಅತ್ತೆ," ಎಂದ ಅಣ್ಣ ಗೋಡೆಯ ಕಡೆ ತಿರುಗಿಕೊಂಡು.

ಅತ್ತೆ ಕಣ್ಣೊರೆಸಿಕೊಂಡು ಮಗಳಿಗೆ ಹೇಳಲು ಫೋನ್ ತೆಗೆದರು. ನನಗೆ ನೋಡಲಾಗಲಿಲ್ಲ. ಮುಚ್ಚಳ ಹಾಕೋಣವೆಂದು ಎಂಜಿನ್ ಮೇಲೆ ಬಗ್ಗಿದೆ. ಹಳದಿ ಗೀರು ಮೂರರ ಮೇಲೇ ಕೂತಿತ್ತು.

"ಅಯ್ಯೋ! ಅಣ್ಣಾ, ನೀನು ನೋಡಿದ್ದು ಹೇಗೆ?"

"ಇನ್ನು ಹೇಗೆ? ನೀನು ಒಳಗೆ ಹೋದಾಗ ಒಂದನ್ನೂ ಮೂರನ್ನೂ ಅದಲುಬದಲು ಮಾಡ್ದೆ."

"ನಾನು ಆಗ್ಲೇ ಮಾಡಿದ್ದೆ ಕಣೋ! ನೀನು ಎರಡನ್ನೂ ವಾಪಸ್ ಮೊದಲಿನ ಜಾಗಕ್ಕೇ ಹಾಕಿದೀಯ!"

"ಬಾಯಿಬಿಟ್ಟು ಹೇಳೋಕೆ ನಿಂಗೇನಾಗಿತ್ತು?"

"ನೀನು ಮಾತಾಡಿಸ್ತಿದ್ಯಾ?"

"ಜಗಳ ಆಮೇಲೆ ಆಡ್ರೋ!" ಅತ್ತೆ ಗದರಿದರು. "ಮೊದಲು ಕಾರು!"

ಇಬ್ಬರೂ ಕೈ ಹಾಕಿದೆವು. ಹಳದಿ ಒಂದಕ್ಕೆ ಹೋಯಿತು. ಅತ್ತೆ ಕೀಲಿ ತಿರುಗಿಸಿದರು. ಸ್ಕ್ಯಾನರಿನಲ್ಲಿ ಒಂದು! "ಒಂದು! ಒಂದು!" ಎಂದು ಕೂಗುತ್ತಾ ಅಣ್ಣನ ಬೆನ್ನಿಗೆ ಗುದ್ದಿದೆ. ಸಿಕ್ಕಿಬಿತ್ತು ಕಳ್ಳ ಕಾಯಿಲ್!

ಖುಷಿ ಅಲ್ಲಿಗೇ ನಿಂತಿತು. ಅಂಥ ಕಾಯಿಲ್ ನಮ್ಮ ಕಪಾಟಿನಲ್ಲಿ ಇರಲಿಲ್ಲ, ಬಿಡಿಭಾಗದ ಅಂಗಡಿಗೆ ಅವತ್ತು ರಜೆ. ಇದ್ದದ್ದು ಒಂದೇ ಕಡೆ, ಇದೇ ಥರದ ಎಂಜಿನ್ನಿರುವ ಮೂಲೆಯ ಆ ಕಾರಿನಲ್ಲಿ. ಬೆಳಿಗ್ಗೆ ಅಷ್ಟು ಅಂದಮೇಲೆ ಕೇಳಲು ನನಗೆ ಬಾಯಿ ಬರಲಿಲ್ಲ. ತಿರುಗಿ ನೋಡಿದರೆ ಅಣ್ಣ ಆಗಲೇ ಸ್ಪಾನರ್ ಹಿಡಿದು ಅದರ ಮುಂದೆ ಬಗ್ಗಿದ್ದ.

ಅತ್ತೆಯ ಕಾರು ಹೂವೆತ್ತಿದಷ್ಟು ಹಗುರಾಗಿ ಹೊರಟಿತು. ನಾವಿಬ್ಬರೂ ಬೀದಿಗೆ ಬಂದು ಮಕ್ಕಳಂತೆ ಕೈ ಬೀಸಿದೆವು.

ಸಂಜೆ ಅಣ್ಣ ಸುಮ್ಮನೆ ತನ್ನ ಕಾರು ಒರೆಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಉಳಿದ ಮೂರು ಸಿಲಿಂಡರಿನಲ್ಲೇ ಸ್ಟಾರ್ಟ್ ಮಾಡೋ!"

"ಕುಂಟುತ್ತೆ ಕಣೇ."

"ಕುಂಟಲಿ ಬಿಡು!"

ತುಕ್ಕಿನ ಮೂಟೆ ಒಮ್ಮೆ ಗೊಣಗಿತು, ಮತ್ತೊಮ್ಮೆ ಗೊಣಗಿತು, ಆಮೇಲೆ ಗಡಗಡನೆ ಎದ್ದೇಬಿಟ್ಟಿತು! ಅಣ್ಣ ಅಳುತ್ತಿದ್ದಾನೋ ನಗುತ್ತಿದ್ದಾನೋ ಗೊತ್ತಾಗಲಿಲ್ಲ, ನಾನಂತೂ ಕುಣಿಯುತ್ತಿದ್ದೆ. ಅಷ್ಟರಲ್ಲಿ ಫೋನ್ ಬಂತು.

"ಅತ್ತೇ, ಜೋರಾಗಿ ಹೇಳಿ, ಕೇಳಿಸ್ತಿಲ್ಲ!"

ಎರಡು ವರ್ಷ ಕಾದ ಸದ್ದನ್ನು ಅಣ್ಣ ತಟ್ಟನೆ ಆರಿಸಿದ. ಗ್ಯಾರೇಜು ನಿಶ್ಶಬ್ದವಾಯಿತು. ಫೋನಿನೊಳಗೆ ಕೂಸೊಂದು ಕಿರುಚಿ ಕಿರುಚಿ ಅಳುತ್ತಿತ್ತು.